ಆಪರೇಷನ್ ಹೆಂಗಸರಿಗೇ ಏಕೆ?

ಮಾನ್ಯರೇ,

ಎರಡನೇ ಹೆರಿಗೆ ಆಯ್ತೆಂದರೆ ಮನೆಯವರ ಮಾತು ಒಂದೇ: ‘ಇನ್ನು ಮಕ್ಕಳಾಗದಂತೆ ಆಪರೇಷನ್ ಮಾಡಿಸಿಬಿಡೋಣ’. ಯಾರಿಗೆ ಅನ್ನೋ ಪ್ರಶ್ನೆಯೇ ಬರುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ದೇಶದಲ್ಲಿ 15–49 ವಯಸ್ಸಿನ ವಿವಾಹಿತ ಹೆಂಗಸರಲ್ಲಿ ಶೇ 37.9 ಮಂದಿ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡ ಮಾಡಿಸಿಕೊಂಡದ್ದು ಬರೀ ಶೇ 0.3. ಕರ್ನಾಟಕದಲ್ಲಿ ಹೆಂಗಸರ ಪಾಲು ಇನ್ನೂ ಜಾಸ್ತಿ.

ಗಂಡಸರಿಗೆ ಮಾಡುವ ಆಪರೇಷನ್ ಆದ ನೋ ಸ್ಕಾಲ್ಪೆಲ್ ವ್ಯಾಸೆಕ್ಟಮಿಗೆ ಹೊಟ್ಟೆ ಕೊಯ್ಯಬೇಕಿಲ್ಲ, ಹೊಲಿಗೆಯೂ ಬೇಡ. ಅದೇ ದಿನ ಮನೆಗೆ ಹೋಗಬಹುದು. ಗಂಡಸುತನಕ್ಕೆ ಏನೂ ಆಗುವುದಿಲ್ಲ. ಮೂರು ತಿಂಗಳು ಕಾಂಡೋಮ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿದರಾಯ್ತು.

ಇದನ್ನು ಹೇಳಲು ಆಶಾ ಕಾರ್ಯಕರ್ತೆ ಬಂದರೆ ಗಂಡಸರು ಜಗಲಿಯಿಂದ ಮೆಲ್ಲಗೆ ಎದ್ದು ಹೋಗುತ್ತಾರೆ, ಅಲ್ವಾ? ಆರೋಗ್ಯ ಇಲಾಖೆಯ ಪುರುಷ ಸಿಬ್ಬಂದಿಯೇ ಹಾಲಿನ ಡೇರಿ ಹತ್ತಿರ, ಸಂತೆಯಲ್ಲಿ ಅವರ ಜೊತೆ ಮಾತಾಡಲಿ.

– ಒಬ್ಬ ಓದುಗಿ, ಹಾಸನ