ಮೊದಲು ಹೊಟ್ಟು ಬೇರೆ ಮಾಡು

ಶಿರಸಿ

ಚಿ. ಶ್ರೀಧರನಿಗೆ ಅತ್ತೆಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ಕಳಿಸಿದ ಪ್ರಾಜೆಕ್ಟ್ ಬರಹ ಓದಿದೆ. ಸಾಮಿಲ್ಲಿನ ಹೊಟ್ಟಿನಿಂದ ಬೆಲೆಬಾಳುವ ಸತ್ವ ತೆಗೆಯಬೇಕು, ಅದೂ ಹೆಕ್ಸೇನ್‌ನಂಥ ವಿಷದ ದ್ರಾವಕ (ಸತ್ವ ಕರಗಿಸಿ ಎಳೆಯುವ ದ್ರವ) ಮುಟ್ಟದೆ. ಆಸೆ ಒಳ್ಳೆಯದೇ. ಆದರೆ ಪುಟಗಟ್ಟಲೆ ದ್ರಾವಕದ ಮಾತೇ ಇದೆ. ಹೊಟ್ಟಿನ ಬಗ್ಗೆ ಒಂದೇ ಸಾಲು, ‘ಸ್ಥಳೀಯ ಮಿಲ್ಲಿನಿಂದ ತಂದದ್ದು’ ಅಂತ. ಯಾವ ಮರದ್ದು ತಮ್ಮಾ?

ನಮ್ಮ ಕಡೆಯ ಮಿಲ್ಲಿನಲ್ಲಿ ಬೆಳಿಗ್ಗೆ ಹಲಸು ಕೊಯ್ದರೆ ಮಧ್ಯಾಹ್ನ ಅಕೇಶಿಯಾ, ಮರುದಿನ ಸಾಗವಾನಿ. ಹೊಟ್ಟು ಬೀಳುವುದು ಮಾತ್ರ ಒಂದೇ ಗುಂಡಿಗೆ. ಹಲಸಿನ ಚೇಗಿನಲ್ಲಿ, ಅಂದರೆ ಮರದ ನಡುವಿನ ಗಟ್ಟಿ ಭಾಗದಲ್ಲಿ, ಮೋರಿನ್ ಎಂಬ ಹಳದಿ ಬಣ್ಣ ಇದೆ. ಬರ್ಮಾ, ಥಾಯ್ಲೆಂಡಿನ ಬೌದ್ಧ ಭಿಕ್ಷುಗಳ ಬಟ್ಟೆಗೆ ಹಲಸಿನ ಚೇಗು ಕುದಿಸಿಯೇ ಬಣ್ಣ ಹಾಕುತ್ತಿದ್ದರು. ಸಾಗವಾನಿಯಲ್ಲಿ ಟೆಕ್ಟೋಕ್ವಿನೋನ್ ಇದೆ. ಆ ಮರಕ್ಕೆ ಗೆದ್ದಲು ಹತ್ತದಿರಲು ಅದೂ ಒಂದು ಕಾರಣ. ಹೊನ್ನೆಯಲ್ಲಿ ಟೆರೋಸ್ಟಿಲ್ಬೀನ್ ಎಂಬ ಇನ್ನೊಂದು ಸತ್ವ. ಮೋರಿನ್ ಬಿಸಿನೀರಿಗೆ ಅಷ್ಟಿಷ್ಟು ಬಿಡುತ್ತದೆ, ಆಲ್ಕೋಹಾಲಿಗೆ ಚೆನ್ನಾಗಿ ಬಿಡುತ್ತದೆ. ಟೆಕ್ಟೋಕ್ವಿನೋನ್ ನೀರಿಗೆ ಜಗ್ಗುವುದೇ ಇಲ್ಲ. ಎಲ್ಲ ಸೇರಿದ ಹೊಟ್ಟಿನಿಂದ ನಿನಗೆ ಸಿಗುವುದು ಹೆಸರಿಲ್ಲದ ಕಂದು ನೀರು ಅಷ್ಟೇ. ಫರ್ನಿಚರ್ ಅಂಗಡಿಯ ಹೊಟ್ಟಂತೂ ತರಲೇಬೇಡ. ಅದರಲ್ಲಿ ಪ್ಲೈವುಡ್ಡಿನ ಫಾರ್ಮಾಲ್ಡಿಹೈಡ್ ಅಂಟೂ ಸೇರಿರುತ್ತದೆ. ಅಷ್ಟಾದ ಮೇಲೆ ಪರಿಸರ ಕೆಡಿಸದ ಯಾವ ‘ಹಸಿರು’ ದ್ರಾವಕ ಹಾಕಿದರೇನು?

ಮಿಲ್ಲಿನವರ ಹತ್ತಿರ ಮಾತಾಡು. ಹಲಸು ಕೊಯ್ಯುವ ದಿನ ಗರಗಸದ ಕೆಳಗೆ ತಾಡಪಾಲು ಹಾಸಿ ಹಿಡಿದುಕೋ. ಅವತ್ತೇ ಒಣಗಿಸು. ಮಳೆಗಾಲದಲ್ಲಿ ಹಸಿ ಹೊಟ್ಟು ಚೀಲದೊಳಗೇ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ಮೂಗಿಗೆ ಮಾಸ್ಕ್ ಕಟ್ಟಿಕೋ, ನಗಬೇಡ. ಗಟ್ಟಿ ಮರದ ಧೂಳು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ.

ಇನ್ನು ದ್ರಾವಕ. ನೀರನ್ನು ನೀನು ಲೆಕ್ಕಕ್ಕೇ ತಗೊಂಡಿಲ್ಲ. ಮನೆಯಲ್ಲಿ ಕೆಂಪಡಿಕೆ ಬೇಯಿಸುವುದನ್ನು ನೋಡಿಯೇ ಬೆಳೆದವನು ನೀನು. ಅಡಿಕೆ ಬೆಂದ ನೀರಿಗೇ ಮತ್ತೆ ಮತ್ತೆ ಅಡಿಕೆ ಹಾಕಿ ಬೇಯಿಸಿ ಚೊಗರು ಮಾಡುತ್ತಾರಲ್ಲ, ಅದು ನೀರಿನಲ್ಲಿ ಟ್ಯಾನಿನ್ ಎಂಬ ಒಗರಿನ ಅಂಶ ತೆಗೆಯುವ ಕೆಲಸವೇ. ಒಂದೇ ನೀರು ಹಲವು ಬಾರಿ ದುಡಿಯುತ್ತದೆ, ಬೆಂಕಿಗೆ ಅಡಿಕೆ ಸಿಪ್ಪೆ. ಹಂಡೆ ತಾಮ್ರದ್ದು. ಟ್ಯಾನಿನ್ನಿಗೆ ಕಬ್ಬಿಣ ತಾಗಿದರೆ ಶಾಯಿಯ ಹಾಗೆ ಕಪ್ಪಾಗುತ್ತದೆ. ನಿನ್ನ ಲ್ಯಾಬಿನಲ್ಲೂ ತುಕ್ಕು ಹಿಡಿದ ಜರಡಿ ಇದ್ದರೆ ಮೊದಲು ಬಿಸಾಡು.

ಒತ್ತಡ ಕೊಟ್ಟರೆ ನೀರು ನೂರು ಡಿಗ್ರಿ ದಾಟಿದರೂ ಆವಿಯಾಗುವುದಿಲ್ಲ. 250 ಡಿಗ್ರಿ ಹೊತ್ತಿಗೆ ಅದರ ಗುಣ ಸುಮಾರಾಗಿ ಮೆಥನಾಲಿನ ಹತ್ತಿರ ಬರುತ್ತದೆ. ಆದರೆ ಅಷ್ಟು ಬಿಸಿಗೆ ಮರದ ಸಕ್ಕರೆಗಳೂ ಒಡೆದು ಬೆರೆಯುತ್ತವೆ. ಸ್ವಲ್ಪ ಕೆಳಗೇ ಶುರು ಮಾಡು.

ನೀನು ಮೆಚ್ಚಿದ ಡೀಪ್ ಯುಟೆಕ್ಟಿಕ್ ದ್ರಾವಕದಲ್ಲಿ (ಎರಡು ಪುಡಿ ಬೆರೆಸಿದರೆ ಕಡಿಮೆ ಬಿಸಿಗೇ ದ್ರವವಾಗುವಂಥದ್ದು) ಹುರುಳಿದೆ, ಇಲ್ಲ ಅನ್ನುವುದಿಲ್ಲ. ಕೋಲಿನ್ ಕ್ಲೋರೈಡ್ ಕರಗುವುದು 302 ಡಿಗ್ರಿಗೆ, ಯೂರಿಯಾ 133ಕ್ಕೆ. ಮೋಲ್ ಲೆಕ್ಕದಲ್ಲಿ, ಅಂದರೆ ಕಣಗಳ ಎಣಿಕೆಯಲ್ಲಿ, 1:2 ಬೆರೆಸಿದರೆ 12 ಡಿಗ್ರಿಗೇ ದ್ರವ! 2003ರಲ್ಲಿ ಇಂಗ್ಲೆಂಡಿನ ಆಬಟ್ ತಂಡ ಇದನ್ನು ಪ್ರಕಟಿಸಿದಾಗ ನಾನೂ ಬೆರಗಾಗಿದ್ದೆ. ಕೋಲಿನ್ ಕ್ಲೋರೈಡ್ ಕೋಳಿ ಆಹಾರಕ್ಕೂ ಹಾಕುವಂಥದ್ದು, ಅಗ್ಗ. ಆದರೆ ಆ ದ್ರವ ಜೇನಿನ ಹಾಗೆ ದಪ್ಪ, ಹೊಟ್ಟಿನೊಳಗೆ ಬೇಗ ಇಳಿಯುವುದಿಲ್ಲ. ಆವಿಯಾಗಿ ಹೋಗುವುದೂ ಇಲ್ಲ. ಗಾಳಿ ಕೆಡುವುದಿಲ್ಲ ಅನ್ನುವುದು ಸರಿ, ಆದರೆ ನಿನ್ನ ಮೋರಿನ್ ಅದರೊಳಗೇ ಸಿಕ್ಕಿಬಿದ್ದಿರುತ್ತದೆ. ನೀರು ಹಾಕಿ ಬೇರೆ ಮಾಡಿದರೆ ಆಮೇಲೆ ಆ ನೀರನ್ನು ಆವಿ ಮಾಡಿ ತೆಗೆಯಬೇಕು, ಕರೆಂಟು ಸುಡುತ್ತದೆ. ಆ ಕರೆಂಟಿನ ಲೆಕ್ಕ ನಿನ್ನ ಬರಹದಲ್ಲಿ ಎಲ್ಲೂ ಇಲ್ಲ. ದ್ರಾವಕ ಎಷ್ಟು ವಾಪಸ್ ಬಂತು, ಎಷ್ಟು ಸಲ ಬಳಸಿದೆ, ಎಷ್ಟು ಯೂನಿಟ್ ಸುಟ್ಟಿತು ಅಂತ ಕೋಷ್ಟಕ ಮಾಡು. ಆಲ್ಕೋಹಾಲನ್ನಾದರೆ ಬಟ್ಟಿ ಇಳಿಸಿ ಸುಲಭವಾಗಿ ಹಿಂದಕ್ಕೆ ಪಡೆಯಬಹುದು. ಆದರೆ ಅಬಕಾರಿ ಪರವಾನಗಿ ಬೇಕು, ಆ ಓಡಾಟಕ್ಕೆ ಈಗಲೇ ಅರ್ಜಿ ಹಾಕು.

ಸೂಪರ್‌ಕ್ರಿಟಿಕಲ್ ಇಂಗಾಲದ ಡೈಆಕ್ಸೈಡ್, ಅಂದರೆ ಒತ್ತಡದಲ್ಲಿ ಅರ್ಧ ಅನಿಲ ಅರ್ಧ ದ್ರವದ ಹಾಗಾಗುವ ಆ ಅನಿಲ, ಅದರ ಸುದ್ದಿ ಸದ್ಯಕ್ಕೆ ಬಿಡು. 31 ಡಿಗ್ರಿ ಸಾಕಾದರೂ 74 ಬಾರ್ ಒತ್ತಡದ ಯಂತ್ರ ಬೇಕು. ಅದು ಎಣ್ಣೆ, ರಾಳಕ್ಕೆ ಹೊಂದುತ್ತದೆ. ಟ್ಯಾನಿನ್ನಿಗೆ ಹೇಗಿದ್ದರೂ ಆಲ್ಕೋಹಾಲ್ ಬೆರೆಸಲೇಬೇಕು.

ಸತ್ವ ತೆಗೆದ ಮೇಲೂ ಹೊಟ್ಟಿನ ಬಹುಪಾಲು ಹಾಗೇ ಉಳಿಯುತ್ತದೆ. ನೀರಿನಲ್ಲೋ ಆಲ್ಕೋಹಾಲಿನಲ್ಲೋ ತೆಗೆದಿದ್ದರೆ ಒಣಗಿಸಿ ಅಡಿಕೆ ಒಲೆಗೆ ಹಾಕಬಹುದು. ನಿನ್ನ ಯುಟೆಕ್ಟಿಕ್ ದ್ರವ ಹೀರಿದ್ದನ್ನು ಹಾಗೇ ಸುಟ್ಟರೆ ಕ್ಲೋರಿನ್ ಸೇರಿದ ಹೊಗೆಯ ಭಯ, ಚೆನ್ನಾಗಿ ತೊಳೆಯಬೇಕು. ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಅಂತಲೂ ಬರಿ. ನಿನ್ನ ಗೈಡ್ ಕೇಳದಿದ್ದರೂ ನಾನು ಕೇಳುತ್ತೇನೆ.

ಮುಂದಿನ ವಾರ ಪಕ್ಕದ ಮನೆಯವರು ಹಳೇ ಹಲಸಿನ ಮರ ಕೊಯ್ಸುತ್ತಾರಂತೆ. ಚೇಗಿನ ಹೊಟ್ಟು ಬೇಕಿದ್ದರೆ ಕೂಡಲೇ ಫೋನ್ ಮಾಡು, ಬಿಳಿ ಭಾಗದ್ದು ಸೇರದ ಹಾಗೆ ಬೇರೆ ಚೀಲಕ್ಕೆ ತುಂಬಿಸಿ ಬಸ್ಸಿಗೆ ಹಾಕಿಸುತ್ತೇನೆ.

ಇಂತಿ,
ನಿನ್ನ ಅತ್ತೆ