ಅಕ್ಕಿ ತೊಳೆದ ನೀರಿಗೂ ಲೆಕ್ಕ

ಸಂಪಾದಕರೇ,

2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಾಗ ನಮಗೆ ನಗು ಬಂತು. ಕಾರು ಬಿಡಿ, ಮುಖ ತೊಳೆಯೋಕೇ ಲೆಕ್ಕ ಹಾಕುತ್ತಿದ್ದೆವು. ಬೋರ್‌ವೆಲ್ ಬತ್ತಿತ್ತು. ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ, ಬಟ್ಟೆ ಒಗೆದ ನೀರು ಕಕ್ಕಸಿಗೆ, ಫಿಲ್ಟರ್‌ನಿಂದ ಹೊರಹೋಗುವ ನೀರು ಪಾತ್ರೆ ತೊಳೆಯೋಕೆ, ಅಮ್ಮನ ಹಳೇ ಹಿತ್ತಾಳೆ ಹಂಡೆಯೂ ಅಟ್ಟದಿಂದ ಇಳಿಯಿತು, ನೆಂಟರು ಬರುತ್ತೇವೆ ಅಂದರೆ ಎದೆ ಧಸಕ್ ಅನ್ನುತ್ತಿತ್ತು (ನಿಜ ಹೇಳಬೇಕಲ್ವಾ!). ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ 5ನೇ ಹಂತ ಶುರುವಾಯಿತು, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್. ಒಳ್ಳೆಯದೇ. ಆದರೆ ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ ಅಂತ ಹಿಂದಿನ ದಿನವೇ ಮೊಬೈಲಿಗೆ ಒಂದು ಮೆಸೇಜ್ ಹಾಕಿದರೆ, ರಾತ್ರಿಯಿಡೀ ಸುಮ್ನೆ ಕಾಯೋದಾದರೂ ತಪ್ಪುತ್ತದೆ.

– ಒಬ್ಬ ಗೃಹಿಣಿ, ಬೆಂಗಳೂರು