ಯಂತ್ರ ಸಾಗಿಸುವ ಮುನ್ನ ಲೈನ್ ನೋಡಿ

ಮಾನ್ಯರೇ,

ಬಿಟ್‌ಕಾಯಿನ್ ಮೈನಿಂಗ್ ಯಂತ್ರಗಳನ್ನು (ಹಗಲಿರುಳು ಲೆಕ್ಕ ಹಾಕಿ ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣ ಗಳಿಸುವ ಕಂಪ್ಯೂಟರುಗಳು) ಅಗ್ಗದ ಕರೆಂಟಿನ ದೇಶಕ್ಕೆ ಸಾಗಿಸುವ ಮಾತು ನಮ್ಮ ಮಂಗಳೂರಿನಲ್ಲೂ ಕೇಳಿಬರುತ್ತಿದೆ. ಯೂನಿಟ್ ದರವೊಂದನ್ನೇ ನಂಬಿ ಹೊರಟರೆ ಕೈ ಸುಟ್ಟುಕೊಳ್ಳಬೇಕಾದೀತು. 2021ರಲ್ಲಿ ಚೀನಾ ಮೈನಿಂಗ್ ಮೇಲೆ ನಿಷೇಧ ಹೇರಿದಾಗ ಎಷ್ಟೋ ಮಂದಿ ಕಜಕಸ್ತಾನಕ್ಕೆ ಗಂಟುಮೂಟೆ ಕಟ್ಟಿದರು. 2022ರ ಜನವರಿಯಲ್ಲಿ ವಿದ್ಯುತ್ ಅಭಾವದಿಂದ ಅಲ್ಲೂ ಇವರ ವಿದ್ಯುತ್ ಲೈನ್ ಕಡಿತವಾಯಿತು.

ಆಂಟ್‌ಮೈನರ್ ಎಸ್19 ಮಾದರಿಯ ಒಂದು ಮೈನಿಂಗ್ ಯಂತ್ರ ಸುಮಾರು 3,250 ವ್ಯಾಟ್ ಎಳೆಯುತ್ತದೆ. ನೂರು ಯಂತ್ರಕ್ಕೆ 325 ಕಿಲೊವ್ಯಾಟ್, ಶೆಡ್ಡಿನ ಬಿಸಿಗಾಳಿ ಹೊರದಬ್ಬುವ ಫ್ಯಾನುಗಳ ಲೆಕ್ಕ ಬೇರೆ. ಟ್ರಾನ್ಸ್‌ಫಾರ್ಮರ್ ಮಂಜೂರಾಗುವ ಮೊದಲೇ ಕಂಟೇನರ್ ಬುಕ್ ಮಾಡಬೇಡಿ. ಯಂತ್ರ ಸುಮ್ಮನೆ ಕೂತರೂ ಜಾಗದ ಬಾಡಿಗೆ ಓಡುತ್ತಲೇ ಇರುತ್ತದೆ. ಈ ಯಂತ್ರಕ್ಕೆ 200ರಿಂದ 240 ವೋಲ್ಟ್ ಬೇಕು, 110 ವೋಲ್ಟಿನ ಪ್ಲಗ್ಗು ಸಾಲದು.

ನಮ್ಮ ಕಡಲ ಗಾಳಿಯದ್ದು ಇನ್ನೊಂದು ಕಾಟ. ಹೀಟ್‌ಸಿಂಕ್ (ಚಿಪ್ಪಿನ ಬಿಸಿ ಹೀರುವ ಲೋಹದ ಪಟ್ಟಿಗಳು) ಸಂದಿಯಲ್ಲಿ ಕೂತ ಉಪ್ಪು-ಧೂಳನ್ನು ಬ್ಲೋವರಿನಿಂದ ಊದಿ ತೆಗೆದು, ಆಂಟಿಸ್ಟ್ಯಾಟಿಕ್ (ಸ್ಥಿರ ವಿದ್ಯುತ್ ತಡೆಯುವ) ಚೀಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಕಟ್ಟಬೇಕು. ಚಳಿ ದೇಶದಲ್ಲಿ ಕಂಟೇನರಿನಿಂದ ಬೆಚ್ಚಗಿನ ಶೆಡ್ಡಿಗೆ ತಂದ ಕೂಡಲೇ ಸ್ವಿಚ್ ಹಾಕಿದರೆ ತೇವ ಕೂತು ಬೆವರಿದ ಹ್ಯಾಶ್ ಬೋರ್ಡ್ (ಲೆಕ್ಕ ಹಾಕುವ ಚಿಪ್ಪುಗಳ ಫಲಕ) ಶಾರ್ಟ್ ಆಗಬಹುದು. ಒಂದು ದಿನ ಹಾಗೇ ಬಿಡಿ. ಸೀರಿಯಲ್ ನಂಬರುಗಳು ಇನ್‌ವಾಯ್ಸಿಗೆ ತಾಳೆಯಾಗದಿದ್ದರೆ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದು ಡೆಮರೇಜ್ (ಸರಕು ತಡವಾಗಿ ಬಿಡಿಸಿಕೊಂಡರೆ ಬೀಳುವ ಶುಲ್ಕ) ಏರುತ್ತದೆ.

ಯಂತ್ರ ಹೊರದೇಶದಲ್ಲಿದ್ದರೂ ಇಲ್ಲಿನ ನಿವಾಸಿ ಬಿಟ್‌ಕಾಯಿನ್ ಮಾರಿದರೆ ಶೇ 30 ತೆರಿಗೆ ಉಂಟು. ಅದರಲ್ಲಿ ಕರೆಂಟ್ ಬಿಲ್ ಕಳೆಯಲು ಅವಕಾಶವಿಲ್ಲ.

– ವಿದ್ಯುತ್ ತಂತ್ರಜ್ಞರು, ಸುರತ್ಕಲ್